30 ಸಾವಿರದೊಳಗೆ ಹಳೇ ಕ್ಯಾಮೆರಾ: ನಾನು ನೋಡಿ, ಪರೀಕ್ಷಿಸಿ, ಆರಿಸಿದ ಬಗೆ

ನಾನು ತೆಗೆಯಬೇಕೆಂದುಕೊಂಡಿದ್ದು ಮುಖ್ಯವಾಗಿ ಎರಡು: ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಹುಣಸೆ ಮರಗಳ ಮೇಲೆ ಗೂಡು ಕಟ್ಟುವ ಬಣ್ಣದ ಕೊಕ್ಕರೆ, ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಹುಲ್ಲುಗಾವಲಿನ ಕೃಷ್ಣಮೃಗ. ಕೈಯಲ್ಲಿದ್ದ ದುಡ್ಡು 30 ಸಾವಿರ. ಈ ಎರಡು ಸಂಗತಿಯನ್ನು ಮುಂದಿಟ್ಟುಕೊಂಡರೆ ಅರ್ಧ ಕ್ಯಾಮೆರಾಗಳು ತಾವಾಗಿಯೇ ಪಟ್ಟಿಯಿಂದ ಹೊರಗೆ ಹೋಗುತ್ತವೆ.

ಲೆಕ್ಕ ಹೀಗಿದೆ. ಗಂಡು ಕೃಷ್ಣಮೃಗದ ಭುಜದೆತ್ತರ ಸುಮಾರು 80 ಸೆಂ.ಮೀ. ಅದು 50 ಮೀಟರ್ ದೂರದಲ್ಲಿದ್ದಾಗ 55 ಎಂಎಂ ಲೆನ್ಸ್ ಹಾಕಿದರೆ ಸೆನ್ಸರ್ (ಚಿತ್ರ ಹಿಡಿಯುವ ಬಿಲ್ಲೆ) ಮೇಲೆ ಬೀಳುವ ಬಿಂಬ ಒಂದು ಮಿಲಿಮೀಟರ್ ಕೂಡ ಆಗುವುದಿಲ್ಲ. ಅಂದರೆ ಚಿತ್ರದ ಎತ್ತರದಲ್ಲಿ ಹದಿನೆಂಟರಲ್ಲಿ ಒಂದು ಪಾಲು. ಅದೇ ಜಾಗದಿಂದ 300 ಎಂಎಂ ಹಾಕಿದರೆ ಸುಮಾರು 4.8 ಮಿ.ಮೀ., ಚಿತ್ರದ ಮೂರರಲ್ಲೊಂದು ಪಾಲು. ಹಾಗಾಗಿ ಬಾಡಿಯ (ಲೆನ್ಸಿಲ್ಲದ ಕ್ಯಾಮೆರಾ) ಜೊತೆ ಬರುವ 18-55 ಲೆನ್ಸಿಗೆ ದುಡ್ಡು ಕೊಡದೆ, ಬರೀ ಬಾಡಿ ಮತ್ತು ಒಂದು 70-300 ಎಂದು ತೀರ್ಮಾನಿಸಿದೆ. ಬಾಡಿಯ ಪಾಲಿಗೆ 16 ಸಾವಿರ, ಲೆನ್ಸಿಗೆ 10 ಸಾವಿರ, ಉಳಿದ ನಾಲ್ಕು ಸಾವಿರ ಕಾರ್ಡು, ಎರಡನೇ ಬ್ಯಾಟರಿ, ಬ್ಯಾಗು, ಡಬ್ಬಕ್ಕೆ.

ಲೆನ್ಸ್ ಕಳಚಲಾಗದ ದೊಡ್ಡ ಜೂಮ್ ಕ್ಯಾಮೆರಾಗಳು ಇದಕ್ಕಿಂತ ಕಡಿಮೆ ಬೆಲೆಗೆ ಸಿಗುತ್ತವೆ, ದೂರದ್ದನ್ನೂ ಎಳೆದು ತರುತ್ತವೆ. ಆದರೆ ಅವುಗಳಲ್ಲಿ ಹೆಚ್ಚಿನವುಗಳ ಸೆನ್ಸರ್ ಸುಮಾರು 6.2 × 4.6 ಮಿ.ಮೀ. ನಿಕಾನ್ ಡಿಎಸ್‌ಎಲ್‌ಆರ್‌ನ ಎಪಿಎಸ್-ಸಿ ಸೆನ್ಸರ್ 23.5 × 15.6 ಮಿ.ಮೀ., ವಿಸ್ತೀರ್ಣದಲ್ಲಿ ಹದಿಮೂರು ಪಟ್ಟು ದೊಡ್ಡದು. ಪ್ರಾಣಿ ಪಕ್ಷಿಗಳು ಚುರುಕಾಗಿರುವುದು ಬೆಳಗಿನ ಮಬ್ಬಿನಲ್ಲಿ. ಆಗ ಐಎಸ್‌ಒ (ಬೆಳಕಿಗೆ ಸೆನ್ಸರಿನ ಸಂವೇದನೆ) 1600, 3200ಕ್ಕೆ ಏರಿಸಲೇಬೇಕಾಗುತ್ತದೆ, ಚಿಕ್ಕ ಸೆನ್ಸರಿನ ಚಿತ್ರದಲ್ಲಿ ಗರಿಯ ಎಳೆಗಳೆಲ್ಲ ಕಲಸಿಹೋಗುತ್ತವೆ. ನಡು ಮಧ್ಯಾಹ್ನದ ಬಿಸಿಲಿನಲ್ಲಿ ಮಾತ್ರ ತೆಗೆಯುವವರಿಗೆ ಅವು ಸಾಕು.

ನಾನು ಆರಿಸಿದ್ದು ನಿಕಾನ್ ಡಿ5300. 2013ರ ಮಾದರಿ, 24 ಮೆಗಾಪಿಕ್ಸೆಲ್, ಹೊರಗೆ ಮಗುಚುವ ಪರದೆ. ಇಲ್ಲಿ ಹೊಸಬರು ಬೀಳುವ ಒಂದು ಗುಂಡಿಯಿದೆ. ನಿಕಾನ್‌ನ ಡಿ3000, ಡಿ5000 ಸಾಲಿನ ಬಾಡಿಗಳಲ್ಲಿ ಫೋಕಸ್ ಮೋಟಾರ್ ಇಲ್ಲ, ಮೋಟಾರ್ ಲೆನ್ಸಿನಲ್ಲೇ ಇರಬೇಕು. ಅಗ್ಗವೆಂದು ಹಳೇ ಎಎಫ್-ಡಿ ಲೆನ್ಸ್ ತಂದರೆ ಕೈಯಿಂದಲೇ ಫೋಕಸ್ ತಿರುಗಿಸುತ್ತಾ ಕೂರಬೇಕು. ಹೊಸ ಬಗೆಯ ಎಎಫ್-ಪಿ ಲೆನ್ಸಿನದು ಇದರ ತಿರುಗುಮುರುಗು: ಡಿ3200, ಡಿ5100, ಡಿ7000ದಂಥ ಹಳೇ ಬಾಡಿಯಲ್ಲಿ ಅದು ಫೋಕಸ್ಸೇ ಆಗುವುದಿಲ್ಲ. ಡಿ5300ರಲ್ಲಿ ಆಗುತ್ತದೆ, ಒಳಗಿನ ತಂತ್ರಾಂಶ, ಅಂದರೆ ಫರ್ಮ್‌ವೇರ್ ಅಪ್‌ಡೇಟ್ ಆಗಿರಬೇಕು ಅಷ್ಟೆ. ಇನ್ನೂ ಒಂದು: ಎಎಫ್-ಪಿ ಡಿಎಕ್ಸ್ (ಎಪಿಎಸ್-ಸಿ ಸೆನ್ಸರಿಗೆಂದೇ ಮಾಡಿದ) 70-300ರಲ್ಲಿ ಎರಡು ಬಗೆ ಇವೆ, ನೋಡಲು ಒಂದೇ ಥರ. ಹೆಸರಿನಲ್ಲಿ ‘ವಿಆರ್’ ಎಂದಿದ್ದರೆ ಮಾತ್ರ ಕೈನಡುಕ ತಡೆಯುವ ವ್ಯವಸ್ಥೆ ಇರುತ್ತದೆ. ಲೆನ್ಸಿನ ಮೈಮೇಲೆ ಅದಕ್ಕೆ ಸ್ವಿಚ್ ಇಲ್ಲ, ಆದ್ದರಿಂದ ಅಕ್ಷರ ಓದಿಯೇ ತಿಳಿಯಬೇಕು. ಮಾರುವವರಿಗೇ ಎಷ್ಟೋ ಸಲ ಈ ವ್ಯತ್ಯಾಸ ಗೊತ್ತಿರುವುದಿಲ್ಲ.

ಹೋಗಿ ನೋಡುವ ಮುಂಚೆ ಮಾರುವವರಿಂದ ಆ ದಿನ ತೆಗೆದ ಒಂದು ಜೆಪೆಗ್ ತರಿಸಿಕೊಂಡೆ. ನಿಕಾನ್ ಪ್ರತಿ ಚಿತ್ರದೊಳಗಿನ ಮಾಹಿತಿ ಪಟ್ಟಿಯಾದ ಎಕ್ಸಿಫ್‌ನಲ್ಲಿ ಶಟರ್ ಎಷ್ಟು ಸಲ ಬಡಿದಿದೆ ಎಂದು ಬರೆದಿಡುತ್ತದೆ. ಎಕ್ಸಿಫ್‌ಟೂಲ್‌ನಂಥ ತಂತ್ರಾಂಶದಲ್ಲಿ ತೆರೆದರೆ ಸಂಖ್ಯೆ ಕಾಣುತ್ತದೆ. ವಾಟ್ಸಾಪ್‌ನಲ್ಲಿ ಫೋಟೊ ಎಂದು ಕಳಿಸಿದರೆ ಈ ಮಾಹಿತಿ ಅಳಿಸಿಹೋಗುತ್ತದೆ, ಡಾಕ್ಯುಮೆಂಟ್ ಎಂದೇ ಕಳಿಸಬೇಕು. ಡಿ5300ರ ಶಟರನ್ನು 1 ಲಕ್ಷ ಬಡಿತಕ್ಕೆ ಪರೀಕ್ಷಿಸಿರುತ್ತಾರೆ. ನಾನು 30 ಸಾವಿರ ದಾಟಿದ್ದನ್ನು ನೋಡಲಿಕ್ಕೇ ಹೋಗಲಿಲ್ಲ. ಮದುವೆ ಫೋಟೊಗೆ ದುಡಿದ ಬಾಡಿಯಾದರೆ ಸಂಖ್ಯೆ ಅದನ್ನು ಬೇಗ ದಾಟಿರುತ್ತದೆ. ಕ್ಯಾನನ್‌ನ ಸಾಮಾನ್ಯ ಬಾಡಿಗಳು ಈ ಸಂಖ್ಯೆಯನ್ನು ಚಿತ್ರದಲ್ಲಿ ಬರೆಯುವುದಿಲ್ಲ. ಹಳೇದು ಕೊಳ್ಳುವಾಗ ನಾನು ನಿಕಾನ್ ಕಡೆ ವಾಲಿದ್ದಕ್ಕೆ ಇದೂ ಒಂದು ಕಾರಣ.

ನೋಡಲು ಹೋದದ್ದು ಹಗಲು ಹೊತ್ತಿನಲ್ಲಿ, ಜೊತೆಯಲ್ಲಿ ಲ್ಯಾಪ್‌ಟಾಪ್, ಕಾರ್ಡ್ ರೀಡರ್, ಟಾರ್ಚು, ಒಂದು ಸ್ಕೇಲು. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ, ಅದನ್ನು ನಂಬಬಾರದು.

ಮೊದಲು ಸೆನ್ಸರ್. ಐಎಸ್‌ಒ 100, ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಬರುವ ಕಿಂಡಿ) ಎಫ್/16, ಫೋಕಸ್ ಬೇಕೆಂದೇ ತಪ್ಪಿಸಿ ಮೋಡವಿಲ್ಲದ ಆಕಾಶವನ್ನು ತೆಗೆದೆ. ಬೂದು ಚುಕ್ಕೆಗಳು ಕಂಡರೆ ಅದು ಧೂಳು, ರಬ್ಬರ್ ಬ್ಲೋವರ್‌ನಿಂದ ಊದಿದರೆ ಬಹುಪಾಲು ಹೋಗುತ್ತದೆ. ಬಾಯಿಂದ ಊದಿದರೆ ಎಂಜಲು ಹಾರಿ ಕಲೆಯಾಗುತ್ತದೆ. ಊದಿ ಮತ್ತೆ ತೆಗೆದಾಗಲೂ ಅದೇ ಜಾಗದಲ್ಲಿ ಗೆರೆ ನಿಂತಿದ್ದರೆ ಗೀರು ಎಂದೇ ಅರ್ಥ, ಅಂಥ ಬಾಡಿ ಬೇಡ. ಆಮೇಲೆ ಲೆನ್ಸಿಗೆ ಮುಚ್ಚಳ ಹಾಕಿ, ಉದ್ದ ಎಕ್ಸ್‌ಪೋಶರಿನ ನಾಯ್ಸ್ ರಿಡಕ್ಷನ್ ಆಫ್ ಮಾಡಿ 30 ಸೆಕೆಂಡಿನ ಒಂದು ಚಿತ್ರ. ಕೆಂಪು, ನೀಲಿ ಚುಕ್ಕೆಗಳು ನಾಲ್ಕಾರು ಇದ್ದರೆ ಚಿಂತೆಯಿಲ್ಲ. ಆದರೆ 1/100 ಸೆಕೆಂಡಿನ ಚಿತ್ರದಲ್ಲೂ ಅವು ಹೊಳೆಯುತ್ತಿದ್ದರೆ ಬಿಟ್ಟುಬಿಡಬೇಕು.

ಹೆಚ್ಚು ಹೊತ್ತು ಕೊಡಬೇಕಾದದ್ದು ಫೋಕಸ್ಸಿಗೆ. ಮೇಜಿನ ಮೇಲೆ ಸ್ಕೇಲನ್ನು 45 ಡಿಗ್ರಿಯಷ್ಟು ಓರೆಯಾಗಿ ಇಟ್ಟು, ಕ್ಯಾಮೆರಾ ಅಲುಗದಂತೆ ಪುಸ್ತಕಗಳ ಮೇಲೆ ಕೂರಿಸಿ, ಅಪರ್ಚರ್ ಪೂರ್ತಿ ತೆರೆದು, ನಡುವಿನ ಫೋಕಸ್ ಬಿಂದುವನ್ನು 15 ಸೆಂ.ಮೀ. ಗೆರೆಯ ಮೇಲಿಟ್ಟೆ. ವ್ಯೂಫೈಂಡರ್ ಮೂಲಕ ಐದು ಚಿತ್ರ, ಪರದೆ ನೋಡಿ ತೆಗೆಯುವ ಲೈವ್ ವ್ಯೂನಲ್ಲಿ ಐದು ಚಿತ್ರ. ಪ್ರತಿ ಸಲವೂ ಮೊದಲು ದೂರದ ಗೋಡೆಗೆ ಫೋಕಸ್ ಮಾಡಿ ಮತ್ತೆ ಸ್ಕೇಲಿಗೆ ತರಬೇಕು, ಇಲ್ಲದಿದ್ದರೆ ಹಳೇ ಫೋಕಸ್ಸೇ ಉಳಿದು ಪರೀಕ್ಷೆ ಸುಳ್ಳಾಗುತ್ತದೆ. ಲೈವ್ ವ್ಯೂನದು ಸ್ಪಷ್ಟವಾಗಿದ್ದು ವ್ಯೂಫೈಂಡರ್‌ನದು ಐದೂ ಸಲ 14 ಅಥವಾ 16ರ ಮೇಲೆ ಕೂತರೆ, ಬಾಡಿಯೊಳಗಿನ ಫೋಕಸ್ ಜೋಡಣೆ ಸರಿದಿದೆ, ಇಲ್ಲವೇ ಆ ಲೆನ್ಸಿಗೂ ಬಾಡಿಗೂ ಹೊಂದಿಕೆಯಿಲ್ಲ. ಎರಡು ಬಗೆಯಲ್ಲಿ ಒಂದೇ ಬಾಡಿಯ ಫೋಕಸ್ ಬೇರೆಯಾಗುವುದು ಏಕೆಂದರೆ, ವ್ಯೂಫೈಂಡರ್ ಬಳಸುವಾಗ ಕನ್ನಡಿಯ ಕೆಳಗಿನ ಪ್ರತ್ಯೇಕ ಸೆನ್ಸರ್ ದೂರವನ್ನು ಅಳೆಯುತ್ತದೆ. ಲೈವ್ ವ್ಯೂನಲ್ಲಿ ಚಿತ್ರ ತೆಗೆಯುವ ಸೆನ್ಸರೇ ಆ ಕೆಲಸ ಮಾಡುತ್ತದೆ. ಡಿ7000 ಸಾಲಿನಲ್ಲಿ ಇದನ್ನು ಮೆನುವಿನಲ್ಲೇ ತಿದ್ದಬಹುದು. ಡಿ5300ರಲ್ಲಿ ಆ ಸೌಲಭ್ಯವಿಲ್ಲ, ಹಾಗಾಗಿ ಇಲ್ಲಿ ರಿಯಾಯಿತಿ ತೋರಲೇಬಾರದು. ಬೆಲೆ ಇಳಿಸುತ್ತೇನೆಂದರೂ ಬೇಡ.

ಲೆನ್ಸಿನಲ್ಲಿ ನೋಡಬೇಕಾದದ್ದು ಬೂಷ್ಟು. ಬಾಡಿಯಿಂದ ಕಳಚಿ, ಹಿಂಬದಿಯ ಪುಟ್ಟ ಸನ್ನೆಕೋಲನ್ನು ಉಗುರಿನಿಂದ ಒತ್ತಿ ಅಪರ್ಚರ್ ತೆರೆದು ಹಿಡಿದು, ಒಂದು ಕಡೆಯಿಂದ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ಓರೆಯಾಗಿ ನೋಡಬೇಕು. ಧೂಳಿನ ಕಣಗಳು ಎಲ್ಲ ಹಳೇ ಲೆನ್ಸಿನಲ್ಲೂ ಇರುತ್ತವೆ, ಚಿತ್ರದಲ್ಲಿ ಕಾಣುವುದಿಲ್ಲ. ಜೇಡರ ಬಲೆಯಂಥ ಎಳೆಗಳು ಅಂಚಿನಿಂದ ಹಬ್ಬಿದ್ದರೆ ಅದು ಬೂಷ್ಟು. ಗಾಜಿನ ಮೇಲಿನ ಲೇಪವನ್ನೇ ತಿನ್ನುತ್ತದೆ, ತೊಳೆಸಿದರೂ ಗುರುತು ಉಳಿಯಬಹುದು. ಸನ್ನೆಕೋಲು ಬಿಟ್ಟಾಗ ಅಪರ್ಚರ್ ಎಲೆಗಳು ಟಕ್ಕೆಂದು ಮುಚ್ಚಬೇಕು. ನಿಧಾನವಾದರೆ ಎಲೆಗಳಿಗೆ ಎಣ್ಣೆ ಹತ್ತಿದೆ ಎಂದು ತಿಳಿಯಿರಿ.

ತಳದ ಸೀರಿಯಲ್ ನಂಬರು, ಬಿಲ್ಲಿನದು, ಎಕ್ಸಿಫ್‌ನದು ಮೂರೂ ಒಂದೇ ಇರಬೇಕು. ಬಿಲ್ಲಿಲ್ಲದಿದ್ದರೆ ಮಾರಿದವರಿಂದ ಸೀರಿಯಲ್ ನಂಬರ್ ಸಮೇತ ಒಂದು ಹಾಳೆಯಲ್ಲಿ ಬರೆಸಿ ಸಹಿ ಹಾಕಿಸಿಕೊಳ್ಳಿ. ಕಾರ್ಡು ಹೊಸದೇ ಕೊಂಡೆ, 32 ಜಿಬಿ. ಮೊದಲ ದಿನವೇ ಎಚ್2ಟೆಸ್ಟ್‌ಡಬ್ಲ್ಯೂ ಎಂಬ ತಂತ್ರಾಂಶದಿಂದ ಪೂರ್ತಿ ತುಂಬಿಸಿ ಓದಿಸಿದೆ. ನಕಲಿ ಕಾರ್ಡುಗಳು ತೋರಿಸುವಷ್ಟು ಜಾಗ ಒಳಗೆ ಇರುವುದಿಲ್ಲ, ಅದು ತಿಳಿಯುವುದು ಚಿತ್ರಗಳು ಹೋದಮೇಲೆ.

ಮೈದನಹಳ್ಳಿಯಲ್ಲಿ 300 ಎಂಎಂಗೆ ನಾನು 1/500 ಸೆಕೆಂಡಿಗಿಂತ ಕೆಳಗೆ ಇಳಿಯುವುದಿಲ್ಲ. ಓಡುವ ಹಿಂಡಿಗೆ 1/1000. ವಿಆರ್ ತಡೆಯುವುದು ನಮ್ಮ ಕೈಯ ನಡುಕವನ್ನು, ಜಿಂಕೆಯ ಓಟವನ್ನಲ್ಲ. ಅಲ್ಲಿನ ಧೂಳಿಗೆ ಲೆನ್ಸ್ ಕಳಚಿ ಹಾಕುವುದು ಗಾಡಿಯೊಳಗೇ, ಗಾಜು ಏರಿಸಿ, ಬಾಡಿಯ ಬಾಯಿ ಕೆಳಮುಖವಾಗಿ ಹಿಡಿದು.

ಮನೆಯಲ್ಲಿ ಬಾಡಿ, ಲೆನ್ಸ್ ಎರಡನ್ನೂ ಬ್ಯಾಗಿನಲ್ಲಿ ಇಡುವುದಿಲ್ಲ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಒಳಗೆ 200 ಗ್ರಾಂ ಕಿತ್ತಳೆ ಬಣ್ಣದ ಸಿಲಿಕಾ ಜೆಲ್, ಒಂದು ಚಿಕ್ಕ ತೇವಮಾಪಕ. ಮುಳ್ಳು ಶೇ. 40ರಿಂದ 50ರ ನಡುವೆ ಇರಬೇಕು. ಮಳೆಗಾಲದಲ್ಲಿ ಹರಳು ಹಸಿರಿಗೆ ತಿರುಗಿದ ಕೂಡಲೇ, ಅಡುಗೆಗೆ ಬಳಸದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಬಣ್ಣ ಮರಳುವವರೆಗೆ ಹುರಿದು, ಪೂರ್ತಿ ಆರಿದ ಮೇಲೆ ಡಬ್ಬಕ್ಕೆ ವಾಪಸ್ ಹಾಕುತ್ತೇನೆ.