ಪಹಣಿಯಲ್ಲಿ ಇಲ್ಲದ ಹೆಸರುಗಳು: ಕೊಡಗಿನಲ್ಲಿ ನಾನು ಬರೆದುಕೊಳ್ಳುವ ಕ್ರಮ

ಮಡಿಕೇರಿ, ವಿರಾಜಪೇಟೆಯಂಥ ಹೆಸರುಗಳಿಗೆ ಅರ್ಥ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನಾನು ಬರೆದುಕೊಳ್ಳುವುದು ಊರಿನೊಳಗಿನ ಸಣ್ಣ ಹೆಸರುಗಳನ್ನು: ಗದ್ದೆಯ ಒಂದು ತುಂಡು, ತೋಡು (ಸಣ್ಣ ಹಳ್ಳ) ತಿರುಗುವ ಜಾಗ, ಒಂದು ಮೊಟ್ಟೆ (ಬೆಟ್ಟದ ನೆತ್ತಿ), ಒಂದು ಓಣಿ, ಹಬ್ಬಕ್ಕೆ ಊರು ಸೇರುವ ಬಯಲಾದ ಮಂದ್‌ಗೆ ಹೋಗುವ ದಾರಿ. ಪಹಣಿಯಲ್ಲಿ ಇವು ಸಿಗುವುದಿಲ್ಲ, ಅಲ್ಲಿ ಇರುವುದು ಸರ್ವೆ ನಂಬರು. ಗದ್ದೆ ಪಾಳು ಬಿದ್ದರೆ ಅಥವಾ ಅಲ್ಲಿ ಅಡಿಕೆ ಹಾಕಿದರೆ ಆ ಹೆಸರನ್ನು ಕೂಗಿ ಹೇಳುವ ಕೆಲಸವೇ ಇರುವುದಿಲ್ಲ. ಕೆಲಸ ಹೋದ ಹೆಸರು ಒಂದು ತಲೆಮಾರಿನಲ್ಲಿ ಹೋಗುತ್ತದೆ.

ಮೊದಲು ಕಾಲ ನೋಡಿಕೊಳ್ಳಬೇಕು. ಅರೇಬಿಕಾ ಕಾಫಿಯ ಕುಯ್ಲು ನವೆಂಬರ್‌ನಿಂದ, ರೊಬಸ್ಟಾ ಮಾರ್ಚ್‌ವರೆಗೆ. ಆಗ ಯಾರಿಗೂ ಪುರುಸೊತ್ತಿಲ್ಲ. ಕಾಫಿ ಹೂ ಅರಳಿಸುವ ಹೂಮಳೆ ಆದ ಮೇಲೆ, ಮುಂಗಾರಿಗೆ ಮುಂಚೆ, ಏಪ್ರಿಲ್–ಮೇ ಒಳ್ಳೆಯದು. ಬೇಸಿಗೆಯಲ್ಲೂ ಬತ್ತದ ನೀರಿನ ಕಣ್ಣು ಯಾವುದೆಂದು ಆಗಲೇ ಕಾಣುತ್ತದೆ. ಆದರೆ ಮಳೆಗಾಲದಲ್ಲಿ ಮಾತ್ರ ಹರಿಯುವ ಕೊಲ್ಲಿಗಳಿಗೂ (ಬೆಟ್ಟದ ಸಂದಿನ ತೊರೆಗಳು) ಹೆಸರಿದೆ, ಅವನ್ನು ಏಪ್ರಿಲ್‌ನಲ್ಲಿ ಯಾರೂ ನೆನೆಸಿಕೊಳ್ಳುವುದಿಲ್ಲ. ಹಾಗಾಗಿ ನಾಟಿ ಮುಗಿದ ಮೇಲೆ ಅದೇ ದಾರಿಯನ್ನು ಇನ್ನೊಮ್ಮೆ ನಡೆಯಬೇಕು. ಜಿಗಣೆ ಕಾಟ ಇದ್ದದ್ದೇ.

ಕೈಯಲ್ಲಿ ಇರಬೇಕಾದ್ದು ಸರ್ವೆ ಇಲಾಖೆಯ ಗ್ರಾಮ ನಕ್ಷೆ, ಫೋನಿನಲ್ಲಿ ನಿಂತ ಜಾಗದ ಸರ್ವೆ ನಂಬರು ತೋರಿಸುವ ದಿಶಾಂಕ್ ಆ್ಯಪ್, ಸಿಕ್ಕರೆ ಸರ್ವೆ ಆಫ್ ಇಂಡಿಯಾದ 1:50,000 ನಕ್ಷೆ. ಕೊಡಗಿನ ಹೆಚ್ಚಿನ ಭಾಗ 48ಪಿ ಹಾಳೆಗಳಲ್ಲಿ, ಪೂರ್ವದ ಅಂಚು 57ಡಿಯಲ್ಲಿ ಬರುತ್ತದೆ. ಇವು ನನ್ನ ಚೀಲದಲ್ಲೇ ಇರುತ್ತವೆ, ಹಿರಿಯರ ಮುಂದೆ ಬಿಡಿಸುವುದಿಲ್ಲ. ನಕ್ಷೆ ಬಿಡಿಸಿದ ಕೂಡಲೇ ಮಾತು ಹಕ್ಕು, ಗಡಿ, ಜಮ್ಮಾ (ವಂಶಪಾರಂಪರ್ಯದ ಭೂಹಕ್ಕು), ಬಾಣೆ (ಗದ್ದೆಗೆ ಸೇರಿದ ಕಾಡು ಜಾಗ) ಎಂದು ಬೇರೆ ಕಡೆ ಹೋಗುತ್ತದೆ. ಜಾಗ ಅಳೆಯಲು ಬಂದವರು ಎಂದುಕೊಂಡರೆ ಮಾತೇ ನಿಲ್ಲುತ್ತದೆ.

ನಡೆಯುವುದು ನೀರಿನ ಜೊತೆ. ಗದ್ದೆ ಸಾಲಿನ ತಲೆಯಲ್ಲಿ, ನೀರು ಹುಟ್ಟುವ ಕಡೆ ಶುರು ಮಾಡಿ ಏರಿ ಹಿಡಿದು ಕೆಳಗೆ ಬರುತ್ತೇನೆ. ನೀರು ಬಿಡುವ, ಕಟ್ಟುವ ಕೆಲಸಕ್ಕೇ ಈ ಹೆಸರುಗಳು ಹುಟ್ಟಿದ್ದು, ಹಾಗಾಗಿ ಅದೇ ಕ್ರಮದಲ್ಲಿ ನೆನಪಿಗೆ ಬರುತ್ತವೆ. ಜಗಲಿಯಲ್ಲಿ ಕೂತು ಕೇಳಿದರೆ ನಾಲ್ಕು ಹೆಸರು ಹೇಳುವ ಅಜ್ಜ ಏರಿ ಮೇಲೆ ನಿಂತರೆ ನಿಲ್ಲಿಸದೆ ಹೇಳುತ್ತಾರೆ.

ಕೇಳುವ ಪ್ರಶ್ನೆ ಮುಖ್ಯ. “ಅಜ್ಜ, ಈ ಹೆಸರಿನ ಅರ್ಥ ಏನು?” ಎಂದು ಮೊದಲೇ ಕೇಳಬಾರದು. ಕೇಳಿದವರಿಗೆ ಇಲ್ಲ ಅನ್ನಬಾರದೆಂದು ಅಲ್ಲೇ ಒಂದು ಅರ್ಥ ಕಟ್ಟಿ ಕೊಡುತ್ತಾರೆ, ಮುಂದಿನ ವರ್ಷ ಅದೇ ಊರಿನ ಅರ್ಥವಾಗಿರುತ್ತದೆ. ನಾನು ಕೇಳುವುದು ಹೀಗೆ: “ದನ ಎಲ್ಲಿ ಮೇಯ್ತಾ ಉಂಟು ಅಂತ ಮನೆಯವರಿಗೆ ಹೇಳೋದಾದ್ರೆ ಏನು ಹೇಳ್ತೀರಾ?” “ಎಲ್ಲಿಂದ ಬಂದ್ರಿ ಅಂದ್ರೆ?” ಹೀಗೆ ಕೇಳಿದರೆ ಹೆಸರು ವಿಭಕ್ತಿ ಹತ್ತಿಕೊಂಡು ಬರುತ್ತದೆ, ಪದದ ಬುಡ ಕಾಣುತ್ತದೆ. ಆಮೇಲೆ ಬರೀ ಹೆಸರನ್ನು ಮೂರು ಸಲ ಹೇಳಿಸಿ ಧ್ವನಿಮುದ್ರಿಸುತ್ತೇನೆ. ವಾಟ್ಸಾಪ್ ಧ್ವನಿ ಸಂದೇಶ ಬೇಡ, ದನಿಯನ್ನು ಹಿಂಡಿಬಿಡುತ್ತದೆ; ರೆಕಾರ್ಡರ್‌ನಲ್ಲಿ ವೇವ್ ಫೈಲು, 44.1 ಕಿಲೋಹರ್ಟ್ಸ್, 16 ಬಿಟ್.

ಧ್ವನಿ ಯಾಕೆ ಬೇಕೆಂದರೆ, ಕೊಡವರ ಭಾಷೆಯಾದ ಕೊಡವ ತಕ್ಕ್‌ನಲ್ಲಿ ಕನ್ನಡ ಲಿಪಿಗೆ ಸಿಗದ ಸ್ವರಗಳಿವೆ. ಬೆಟ್ಟಕ್ಕೆ ಅವರು ಅನ್ನುವುದನ್ನು ‘ಕುಂದ್’ ಎಂದು ಬರೆಯುತ್ತೇವೆ. ಕೊನೆಯಲ್ಲಿ ಉಕಾರವೂ ಅಲ್ಲದ, ಇಕಾರವೂ ಅಲ್ಲದ ಒಂದು ಗಿಡ್ಡ ಸ್ವರ ಇದೆ. ದಾಖಲೆಯಲ್ಲಿ ‘ಕುಂದು’ ಆದರೆ ಕನ್ನಡದವರು ‘ಕೊರತೆ’ ಎಂದು ಓದುತ್ತಾರೆ. ‘ಮೊಟ್ಟೆ’ಯೂ ಹಾಗೆಯೇ: ನಿಶಾನಿ ಮೊಟ್ಟೆ ಎಂದರೆ ಬೆಟ್ಟದ ನೆತ್ತಿ, ಕೋಳಿಗೂ ಅದಕ್ಕೂ ಸಂಬಂಧವಿಲ್ಲ. ಹೆಚ್ಚು ತೊಂದರೆ ಕೊಡುವುದು ಕೇರಿ ಮತ್ತು ಕೆರೆ. ಇಂಗ್ಲಿಷಿನಲ್ಲಿ ಬರೆದದ್ದನ್ನು ಮತ್ತೆ ಕನ್ನಡಕ್ಕೆ ತರುವಾಗ ಮನೆಗಳ ಗುಂಪು ನೀರಿನ ಕೆರೆಯಾಗುತ್ತದೆ. ಮೊಣ್ಣಂಗೇರಿ, ಅಯ್ಯಂಗೇರಿ, ಹೆಬ್ಬೆಟ್ಟಗೇರಿಯಲ್ಲಿ ಕಕಾರ ಗಕಾರವಾಗಿರುವುದರಿಂದ ಬಿಡಿಸುವವರು ಇನ್ನಷ್ಟು ದಾರಿ ತಪ್ಪುತ್ತಾರೆ. ಪರಿಹಾರ ಒಂದೇ, ಜಾಗ ನೋಡುವುದು. ಚೇರಂಬಾಣೆಯಂಥ ಹೆಸರು ಬಂದರೆ ಬಾಣೆ ಯಾವುದು, ಅದರ ಸೊಪ್ಪು, ಸೌದೆ ಯಾವ ಗದ್ದೆಗೆ, ಯಾವ ಮನೆಗೆ ಹೋಗುತ್ತಿತ್ತು ಎಂದು ಕೇಳಬೇಕು.

ಕಡಂಗ ಎಂಬುದು ಬಂದಲ್ಲೆಲ್ಲ ನಾನು ನಿಧಾನ ಮಾಡುತ್ತೇನೆ. ಅದು ಹಳೆಯ ಯುದ್ಧದ, ಗಡಿಯ ಕಂದಕ, ಊರಿಂದೂರಿಗೆ ಸಾಗುತ್ತದೆ. ಮೂರು ಗ್ರಾಮಗಳಲ್ಲಿ ಮೂರು ಹೆಸರು ಬರೆದುಕೊಂಡಿದ್ದರೆ ಅದು ಒಂದೇ ಕಂದಕದ ಮೂರು ತುಂಡು ಇರಬಹುದು. ತೋಟದೊಳಗೆ ಕಾಫಿ ಗಿಡದ ಕೆಳಗೆ ಅರ್ಧ ತುಂಬಿರುತ್ತದೆ, ಕಾಲು ಇಳಿದಾಗಲೇ ಗೊತ್ತಾಗುವುದು. ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದೇ ತೀರ್ಮಾನಿಸಬೇಕು.

ಜಿಪಿಎಸ್ ಗುರುತು ಹಾಕುವಾಗ ಸಿಲ್ವರ್ ಓಕ್ ನೆರಳಿನಲ್ಲಿ ನಿಲ್ಲಬಾರದು. ಮರದಡಿ ಹತ್ತಿಪ್ಪತ್ತು ಮೀಟರ್ ಆಚೀಚೆ ತೋರಿಸಿದರೆ ಗುರುತು ಪಕ್ಕದ ಗದ್ದೆಗೆ ಬೀಳುತ್ತದೆ. ಬಯಲಿಗೆ ಬಂದು, ತೋರಿಸುವ ನಿಖರತೆ 5 ಮೀಟರಿಗೆ ಇಳಿಯುವವರೆಗೆ ಕಾದು, ದಶಮಾಂಶ 5 ಸ್ಥಾನದವರೆಗೆ ಬರೆಯುತ್ತೇನೆ. ಐದನೆಯ ಸ್ಥಾನ ಎಂದರೆ ನೆಲದಲ್ಲಿ ಸುಮಾರು 1 ಮೀಟರ್.

ಯಾರನ್ನು ಕೇಳಬೇಕು? ಜಮೀನಿನ ಯಜಮಾನರನ್ನು ಮಾತ್ರ ಕೇಳಿದರೆ ಅರ್ಧವೇ ಸಿಗುತ್ತದೆ. ನಾಟಿ ಮಾಡಿದವರಿಗೆ, ದನ ಕಾಯ್ದವರಿಗೆ ಗೊತ್ತಿರುವ ಹೆಸರುಗಳು ಬೇರೆ. ಒಂದೇ ಗುಂಡಿಗೆ ಕೊಡವ ಮನೆತನದ ಮೂಲ ಮನೆಯಾದ ಐನ್‌ಮನೆಯಲ್ಲಿ ಕೊಡವ ಹೆಸರು, ಗೌಡರ ಅರೆಭಾಷೆಯ ಮನೆಯಲ್ಲಿ ಇನ್ನೊಂದು, ಯರವ ಆದಿವಾಸಿಗಳ ಹಾಡಿಯಲ್ಲಿ ಮತ್ತೊಂದು. ಇದರಲ್ಲಿ ‘ಸರಿಯಾದದ್ದು’ ಯಾವುದೆಂದು ಆರಿಸಬಾರದು, ಎಲ್ಲವನ್ನೂ ಹೇಳಿದವರ ಭಾಷೆಯೊಂದಿಗೆ ಸಾಲಾಗಿ ಬರೆಯಬೇಕು. ತೋಟದಲ್ಲಾದರೆ ಲೆಕ್ಕ ಬರೆಯುವ ರೈಟರು, ಮೇಸ್ತ್ರಿ, ಕಾರ್ಮಿಕರ ಲೈನ್‌ಮನೆಯ ಅಕ್ಕಂದಿರು. ಯುರೋಪಿಯನ್ನರ ಕಾಫಿ ತೋಟ ಇಲ್ಲಿ ಶುರುವಾದದ್ದು 1854ರಲ್ಲಿ. ಆಮೇಲೆ ಬಂದ ‘ಹತ್ತೆಕರೆ’, ‘ಹಳೇ ಕಳ’ ಎಂಬ ಬ್ಲಾಕಿನ ಹೆಸರುಗಳೂ ಹೆಸರುಗಳೇ, ಬಿಡಬಾರದು.

ಕಥೆಗೆ ಬೇರೆ ಕಾಲಂ. ಬಲಮುರಿಯಲ್ಲಿ ಕಾವೇರಿ ಬಲಕ್ಕೆ ತಿರುಗುತ್ತಾಳೆ. ಆ ತಿರುವಿನ ರಭಸಕ್ಕೆ ಹೆಂಗಸರ ಸೀರೆಯ ನೆರಿಗೆ ಹಿಂದಕ್ಕೆ ಹೋಯಿತು, ಅದಕ್ಕೇ ಕೊಡವತಿಯರು ನೆರಿಗೆಯನ್ನು ಹಿಂದೆ ಉಡುತ್ತಾರೆ ಎನ್ನುತ್ತದೆ ಅಲ್ಲಿಯ ಕಥೆ. ಹೆಸರಿನ ಚರಿತ್ರೆಗೆ ಸಾಕ್ಷಿ ಹೊಳೆಯ ತಿರುವು. ಆದರೆ ಊರಿನವರು ತಮ್ಮ ಉಡುಪನ್ನೂ ಹೊಳೆಯನ್ನೂ ಹೇಗೆ ಒಂದಾಗಿ ಕಾಣುತ್ತಾರೆ ಎಂಬುದಕ್ಕೆ ಕಥೆಯೇ ಸಾಕ್ಷಿ. ಎರಡೂ ಬೇಕು, ಒಂದರ ಜಾಗದಲ್ಲಿ ಇನ್ನೊಂದು ಬೇಡ. ಹೇಳಿದವರ ಮಾತಿನಲ್ಲೇ, ಅಲಂಕಾರ ಮಾಡದೆ ಬರೆದಿಡುತ್ತೇನೆ.

ವ್ಯುತ್ಪತ್ತಿಯ ಕಾಲಂ ತುಂಬುವುದು ಎಲ್ಲಕ್ಕೂ ಕೊನೆಗೆ, ಹಳೆಯ ರೂಪ ಸಿಕ್ಕಾಗ ಮಾತ್ರ. ದಕ್ಷಿಣ ಕೊಡಗಿನ ಪೆಗ್ಗೂರನ್ನು ನೋಡಿ: ಇವತ್ತಿನ ರೂಪವನ್ನು ಹಿಡಿದರೆ ‘ದೊಡ್ಡ ಊರು’ ಎಂದು ಬಿಡಿಸಲು ಕೈ ಹೋಗುತ್ತದೆ. ಸಾ.ಶ. 978ರ ಅಲ್ಲಿಯ ಶಾಸನದಲ್ಲಿ ಊರು ‘ಪೆರ್ಗ್ಗದೂರ್’. ಅದು ಪೆರ್ಗಡೆ, ಅಂದರೆ ಮುಂದೆ ಹೆಗ್ಗಡೆಯಾದ ಅಧಿಕಾರಿಯ ಪದದ ಕಡೆಗೆ ಒಯ್ಯುತ್ತದೆ. ಸಾವಿರ ವರ್ಷದಲ್ಲಿ ಒಂದು ಅಕ್ಷರ ಸವೆದದ್ದಕ್ಕೆ ಅರ್ಥವೇ ಬೇರೆಯಾಯಿತು. ಶಾಸನ, ಹಳೇ ಪತ್ರ, ಹಳೇ ನಕ್ಷೆ ಯಾವುದೂ ಇಲ್ಲದ ಹೆಸರಿನ ಮುಂದೆ ನಾನು ಆ ಕಾಲಂ ಖಾಲಿ ಬಿಡುತ್ತೇನೆ.

ಪಟ್ಟಿಯ ಒಂದು ಸಾಲಿನಲ್ಲಿ ಇರುವುದು: ಬಾಯಿಯ ರೂಪ, ದಾಖಲೆಯ ರೂಪ, ಭಾಷೆ, ಜಾಗದ ಬಗೆ, ಸರ್ವೆ ನಂಬರು, ಅಕ್ಷಾಂಶ-ರೇಖಾಂಶ, ಧ್ವನಿ ಫೈಲಿನ ನಂಬರು, ಕಥೆ, ಹಳೆಯ ರೂಪ, ವ್ಯುತ್ಪತ್ತಿ. ಹೇಳಿದವರ ಹೆಸರು ಬೇರೆ ಪುಸ್ತಕದಲ್ಲಿ, ಅವರು ಒಪ್ಪಿದರೆ ಮಾತ್ರ. ದೇವರಕಾಡಿನ ಒಳಗಿನ ಜಾಗ, ಸುಡುಗಾಡು, ಜೇನು ಕಟ್ಟುವ ಮರ, ಇವುಗಳ ಗುರುತನ್ನು ಹಂಚುವ ಪ್ರತಿಯಿಂದ ತೆಗೆದುಹಾಕುತ್ತೇನೆ. ಆ ಪ್ರತಿಯನ್ನು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿ, ಪ್ರತಿ ಸಾಲಿನ ಕೆಳಗೆ ಎರಡು ಬೆರಳು ಜಾಗ ಬಿಟ್ಟು ಊರಿಗೇ ಕೊಡುತ್ತೇನೆ. ಸುಗ್ಗಿ ಹಬ್ಬವಾದ ಪುತ್ತರಿಗೆ ಬೆಂಗಳೂರಿನಿಂದ, ಮೈಸೂರಿನಿಂದ ಎಲ್ಲರೂ ಐನ್‌ಮನೆಗೆ ಬಂದಾಗ ತಿದ್ದುಪಡಿ ಅದರಲ್ಲೇ ಪೆನ್ಸಿಲಿನಲ್ಲಿ ಬೀಳುತ್ತದೆ.