ಬೆಕ್ಕಿರುವ ಮನೆಯೊಳಗೆ ಬರಬಾರದ ಗಿಡಗಳು

ಗೃಹಪ್ರವೇಶಕ್ಕೋ ಹುಟ್ಟುಹಬ್ಬಕ್ಕೋ ಯಾರಾದರೂ ಹೂಗುಚ್ಛ ತಂದುಕೊಟ್ಟರೆ, ಬೆಕ್ಕು ಸಾಕಿರುವ ಮನೆಯವರು ಅದನ್ನು ಹೂದಾನಿಗೆ ಹಾಕುವ ಮೊದಲು ಬಾಗಿಲ ಬಳಿಯೇ ಬಿಚ್ಚಿ ನೋಡಬೇಕು. ಆರು ಎಸಳುಗಳು ಹಿಂದಕ್ಕೆ ಬಾಗಿ, ನಡುವಿನಿಂದ ಉದ್ದನೆಯ ಕೇಸರಗಳು ಹೊರಚಾಚಿ, ಅವುಗಳ ತುದಿಯಲ್ಲಿ ಕಂದುಹಳದಿ ಪುಡಿ ತುಂಬಿಕೊಂಡಿರುವ ಲಿಲ್ಲಿ ಹೂ ಅದರಲ್ಲಿದ್ದರೆ, ಕೊಟ್ಟವರ ಮೇಲೆ ಎಷ್ಟೇ ಪ್ರೀತಿಯಿದ್ದರೂ ಅದನ್ನು ಒಳಗೆ ತರಬಾರದು. ಬೆಕ್ಕಿನ ಮಟ್ಟಿಗೆ ಈ ಹೂವಿನ ಎಲೆ, ಎಸಳು, ಕಾಂಡ, ಪರಾಗ ಎಲ್ಲವೂ ವಿಷ. ಹೂದಾನಿಯ ನೀರೂ ವಿಷ.

ಬೆಕ್ಕು ಹೂವನ್ನು ಕಚ್ಚಲೇಬೇಕೆಂದಿಲ್ಲ. ನಮ್ಮ ಬಿಳಿ ಬೆಕ್ಕು ಟೀಪಾಯಿಯ ಪಕ್ಕದಲ್ಲಿ ಸುಮ್ಮನೆ ಹಾದುಹೋಗಿತ್ತು, ಅಷ್ಟೇ. ಅದರ ಹೆಗಲಿನ ಮೇಲೆ ಅರಿಶಿನದ ಬೆರಳು ಒರೆಸಿದಂಥ ಗೆರೆಯನ್ನು ಕಂಡಾಗ ನನ್ನ ಎದೆ ಧಸಕ್ಕೆಂದಿತು, ಏಕೆಂದರೆ ಮೈಗೆ ಏನು ಅಂಟಿದರೂ ನೆಕ್ಕಿ ಶುಚಿಮಾಡಿಕೊಳ್ಳುವುದು ಬೆಕ್ಕಿನ ಸ್ವಭಾವ. ಅದು ಕತ್ತು ತಿರುಗಿಸದಂತೆ ಟವೆಲಿನಲ್ಲಿ ಸುತ್ತಿ ಹಿಡಿದು, ಒದ್ದೆ ಬಟ್ಟೆಯಿಂದ ಗೆರೆಯನ್ನು ಒರೆಸಿ, ಹಾಗೆಯೇ ಎತ್ತಿಕೊಂಡು ಪಶುವೈದ್ಯರ ಬಳಿಗೆ ಹೋದೆವು. ಎರಡು ದಿನ ಡ್ರಿಪ್ಸ್ ಹಾಕಿದ ಮೇಲೆ ಅದು ಉಳಿಯಿತು.

ಈ ವಿಷದ ನಡೆ ಬಲು ಮೋಸದ್ದು. ಮೊದಲ ಕೆಲವು ಗಂಟೆಗಳಲ್ಲಿ ಬೆಕ್ಕು ವಾಂತಿ ಮಾಡುತ್ತದೆ, ಜೊಲ್ಲು ಸುರಿಸುತ್ತದೆ, ಅನ್ನ ಮುಟ್ಟುವುದಿಲ್ಲ. ಆಮೇಲೆ ವಾಂತಿ ನಿಂತು ಚೇತರಿಸಿಕೊಂಡಂತೆ ಕಾಣುವುದರಿಂದ ಮನೆಯವರು ನೆಮ್ಮದಿಯಾಗುತ್ತಾರೆ. ಆದರೆ ಆ ಹೊತ್ತಿಗೆ ಒಳಗೆ ಮೂತ್ರಪಿಂಡ ಹಾಳಾಗತೊಡಗಿರುತ್ತದೆ ಮತ್ತು 24ರಿಂದ 72 ಗಂಟೆಗಳೊಳಗೆ ಕೆಲಸವನ್ನೇ ನಿಲ್ಲಿಸಿಬಿಡಬಹುದು. ಸುಮಾರು 18 ಗಂಟೆಗಳೊಳಗೆ ಚಿಕಿತ್ಸೆ ಆರಂಭವಾದರೆ ಬದುಕುವ ಸಾಧ್ಯತೆ ಚೆನ್ನಾಗಿರುತ್ತದೆ. ಮೂತ್ರ ನಿಂತ ಮೇಲೆ ಉಳಿಸಿಕೊಳ್ಳುವುದು ತೀರಾ ಕಷ್ಟ. ಆದ್ದರಿಂದ ಬೆಳಗಾಗಲಿ ನೋಡೋಣ ಎನ್ನದೆ ರಾತ್ರಿಯಾದರೂ ಹೊರಡಬೇಕು.

ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನದಿಂದಲೋ ಊರಿನ ನರ್ಸರಿಯಿಂದಲೋ ಗಿಡ ತರುವಾಗ ಅದರ ಸಸ್ಯಶಾಸ್ತ್ರೀಯ ಹೆಸರನ್ನು ಕೇಳಿ ತಿಳಿಯುವುದು ಒಳ್ಳೆಯದು. ಲಿಲಿಯಂ ಅಥವಾ ಹೆಮರೊಕ್ಯಾಲಿಸ್ ಎಂದರೆ ಅಲ್ಲಿಯೇ ಬಿಟ್ಟು ಬನ್ನಿ. ಪೀಸ್ ಲಿಲ್ಲಿ ಎಂಬುದು ಹೆಸರಿಗೆ ಮಾತ್ರ ಲಿಲ್ಲಿ, ಅದು ನಮ್ಮ ಕೆಸುವಿನ ಬಳಗಕ್ಕೆ ಸೇರಿದ್ದು. ಮನಿ ಪ್ಲಾಂಟ್, ಡೈಫೆನ್‌ಬೇಕಿಯಾ, ಅಗ್ಲೋನಿಮಾ, ಫಿಲೊಡೆಂಡ್ರಾನ್, ಮಾನ್‌ಸ್ಟೆರಾ ಇವೂ ಅದೇ ಬಳಗದವು. ಪತ್ರೊಡೆಗೆ ಹುಣಸೆಹುಳಿ ಸಾಲದೆ ಹೋದಾಗ ಗಂಟಲು ಕೆರೆಯುವುದನ್ನು ಅನುಭವಿಸಿದವರಿಗೆ ಇವುಗಳ ಗುಣವನ್ನು ಬೇರೆ ವಿವರಿಸಬೇಕಿಲ್ಲ: ಎಲೆಯೊಳಗಿನ ಸೂಜಿಯಂಥ ಆಕ್ಸಲೇಟ್ ಹರಳುಗಳು ಬಾಯಿಗೆ ಚುಚ್ಚುತ್ತವೆ. ಬೆಕ್ಕು ಜೊಲ್ಲು ಸುರಿಸುತ್ತ ಮುಂಗಾಲಿನಿಂದ ಮೂತಿ ಉಜ್ಜಿಕೊಳ್ಳುತ್ತದೆ, ನರಳುತ್ತದೆ. ಆದರೆ ಸಾಮಾನ್ಯವಾಗಿ ಪ್ರಾಣಕ್ಕೆ ಅಪಾಯವಿಲ್ಲ. ಇವನ್ನೆಲ್ಲ ಎಸೆಯಬೇಕೆಂದು ನಾನು ಹೇಳುವುದಿಲ್ಲ, ಬೆಕ್ಕು ಹೋಗದ ಕೋಣೆಯಲ್ಲಿಟ್ಟರೆ ಸಾಕು. ಎತ್ತರದಲ್ಲಿ ತೂಗುಹಾಕಿದ್ದೇವೆಂಬ ಧೈರ್ಯ ಮಾತ್ರ ಬೇಡ. ಇಳಿಬಿದ್ದು ಅಲುಗಾಡುವ ಬಳ್ಳಿಯ ತುದಿ ಬೆಕ್ಕಿಗೆ ಆಟದ ಸಾಮಾನು.

ಬಾಗಿಲಲ್ಲಿ ಅಂದಕ್ಕೆಂದು ಇಡುವ ಸೈಕಸ್ ಹಾಗಲ್ಲ, ಅದು ಪಿತ್ತಜನಕಾಂಗವನ್ನೇ ಕೆಡಿಸುತ್ತದೆ, ಅದರಲ್ಲೂ ಬೀಜ ಅತಿ ಘೋರ. ಪೂಜೆಗೆ ಕೊಯ್ಯುವ ಕಣಗಿಲೆ ಹೃದಯದ ಬಡಿತವನ್ನು ತಪ್ಪಿಸುತ್ತದೆ, ಆದ್ದರಿಂದ ದೇವರ ಮುಂದಿನ ನಿರ್ಮಾಲ್ಯವನ್ನೂ ಬೆಕ್ಕಿಗೆ ಸಿಗದಂತೆ ತೆಗೆದಿಡಬೇಕು. ಔಷಧಿಗೆಂದು ಬೆಳೆಸುವ ಕಾಡುಬಸಳೆಯೂ ಹೃದಯಕ್ಕೆ ಕೆಟ್ಟದ್ದು. ಲೋಳೆಸರದ ಸಿಪ್ಪೆಯ ಕೆಳಗಿನ ಹಳದಿ ರಸದಿಂದ ವಾಂತಿ ಭೇದಿಯಾಗುತ್ತದೆ.

ಬೆಕ್ಕು ಗಿಡ ತಿಂದದ್ದನ್ನು ಕಂಡರೆ ಬಾಯಲ್ಲಿ ಉಳಿದ ಚೂರು ತೆಗೆದು, ಮೂತಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಹೊತ್ತನ್ನು ಬರೆದಿಟ್ಟುಕೊಂಡು, ಆ ಗಿಡದ ಒಂದು ಎಲೆಯನ್ನು ಚೀಲದಲ್ಲಿ ಹಾಕಿಕೊಂಡು ವೈದ್ಯರಲ್ಲಿಗೆ ಹೋಗಬೇಕು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಹಳೆಯ ಪದ್ಧತಿ ಖಂಡಿತ ಬೇಡ, ಆ ಉಪ್ಪೇ ವಿಷವಾದೀತು. ಪಾಪ, ನೋವಾಗುತ್ತಿದೆಯಲ್ಲ ಎಂದು ಪ್ಯಾರಸಿಟಮಾಲ್ ಕೊಡುವವರಿದ್ದಾರೆ. ಮನುಷ್ಯರಿಗೆ ಒಗ್ಗುವ ಆ ಮಾತ್ರೆಯನ್ನು ಅರಗಿಸುವ ಶಕ್ತಿ ಬೆಕ್ಕಿನ ದೇಹಕ್ಕಿಲ್ಲ, ಒಂದೇ ಮಾತ್ರೆ ಅದನ್ನು ಕೊಲ್ಲಬಲ್ಲದು.

ಮನೆಯಲ್ಲಿ ಹಸಿರು ಬೇಕೆನ್ನುವವರು ಸ್ಪೈಡರ್ ಪ್ಲಾಂಟ್, ಅರೆಕಾ ಪಾಮ್, ಬೋಸ್ಟನ್ ಫರ್ನ್, ಗುಲಾಬಿ, ಮಲ್ಲಿಗೆಗಳನ್ನು ನಿಶ್ಚಿಂತೆಯಿಂದ ಬೆಳೆಸಬಹುದು. ಬೆಕ್ಕಿಗೂ ತನ್ನದೇ ಹುಲ್ಲು ಬೇಕು. ಅಂಗಳವಿದ್ದರೆ ಗರಿಕೆಯನ್ನು ಅದೇ ಹುಡುಕಿಕೊಳ್ಳುತ್ತದೆ. ಫ್ಲ್ಯಾಟಿನಲ್ಲಿರುವವರು ಅಗಲವಾದ ತಟ್ಟೆಯಲ್ಲಿ ಎರಡು ಅಂಗುಲ ಮಣ್ಣು ಹರಡಿ, ಒಂದು ರಾತ್ರಿ ನೆನೆಸಿದ ಗೋಧಿಯನ್ನು ಉದುರಿಸಿ, ದಿನವೂ ನೀರು ಚಿಮುಕಿಸಿದರೆ ವಾರದೊಳಗೆ ಬೆಕ್ಕು ಮೇಯುವಷ್ಟು ಹುಲ್ಲು ಬರುತ್ತದೆ. ಗೋಧಿಯ ಬದಲು ಜೋಳ ಹಾಕಬೇಡಿ. ಎಳೆಜೋಳದ ಪೈರಿನಲ್ಲಿ ವಿಷವಿರುತ್ತದೆ, ಅದನ್ನು ಮೇಯ್ದ ದನಗಳು ಸಾಯುವುದನ್ನು ಬಯಲುಸೀಮೆಯ ರೈತರೆಲ್ಲ ಬಲ್ಲರು. ಹುಲ್ಲು ಹಳದಿಗೆ ತಿರುಗಿದಾಗ ತಟ್ಟೆ ಖಾಲಿಮಾಡಿ ಹೊಸದಾಗಿ ಬಿತ್ತಿ, ಅದು ಬೆಳೆಯುವವರೆಗೆ ಬೆಕ್ಕಿಗೆ ಬರಗಾಲವಾಗದಂತೆ ಇನ್ನೊಂದು ತಟ್ಟೆಯನ್ನು ಕಿಟಕಿಯಲ್ಲಿ ಸಿದ್ಧವಾಗಿಟ್ಟಿರಿ.