ಕೊರಡನ ಬಾಯಿಗೆ ಕೊಂಬು ಮೂಡಿಸಿದ ಕಥೆ

ಮೊದಲ ಸಲ ಬರೆದಾಗ ನನ್ನ ಕಾಮಿಕ್ಸ್‌ನ ಖಳನಾಯಕ ಕೊರಡ ಒಂದೇ ಪುಟದಲ್ಲಿ ರಾಕ್ಷಸನಾಗಿಬಿಟ್ಟಿದ್ದ. ಪುಟ ತುಂಬ ಒಂದೇ ಚಿತ್ರ. ಅಂಗಿ ಹರಿದಿದೆ, ತೋಳು ಕಂಬದಂತೆ ಉಬ್ಬಿದೆ, ಬೆನ್ನ ಮೇಲೆ ಮುಳ್ಳು ಎದ್ದಿವೆ, ಕಾಲ ಬಳಿ ಒಡೆದ ಸೀಸೆ. ಎರಡು ದಿನ ಕೂತು ಶಾಯಿ ಹಾಕಿದ್ದೆ. ಚರ್ಮರೋಗದ ಡಾಕ್ಟರಾಗಿರುವ ಗೆಳೆಯನಿಗೆ ತೋರಿಸಿದೆ. ಅವನು ಚೆನ್ನಾಗಿದೆ ಅನ್ನಲಿಲ್ಲ, ಚೆನ್ನಾಗಿಲ್ಲ ಅಂತಲೂ ಅನ್ನಲಿಲ್ಲ. "ಎಲ್ಲ ಸರಿ ಮಾರಾಯ, ಇಷ್ಟು ಮಾಂಸ ಎಲ್ಲಿಂದ ಬಂತು?" ಅಂದ.

"ವೈರಸ್" ಅಂದೆ.

"ವೈರಸ್ ಏನು ಚೀಲದಲ್ಲಿ ಮಾಂಸ ತುಂಬಿಕೊಂಡು ಬರುತ್ತದಾ?"

ಆ ಮಾತು ತಲೆಯಲ್ಲಿ ಕೂತಿತು. ನರಹುಲಿ ತರಿಸುವ ಪ್ಯಾಪಿಲೋಮಾ ವೈರಸ್ಸನ್ನೇ ತೆಗೆದುಕೊಳ್ಳಿ. ಅದರ ಅಳತೆ ಸುಮಾರು 55 ನ್ಯಾನೋಮೀಟರ್, ಅದರೊಳಗಿನ ಡಿಎನ್‌ಎ ಹೆಚ್ಚುಕಮ್ಮಿ 8,000 ಅಕ್ಷರ. ಅದಕ್ಕೆ ಅಡುಗೆಮನೆಯೂ ಇಲ್ಲ, ಉಗ್ರಾಣವೂ ಇಲ್ಲ. ಸಣ್ಣ ಗೀರಿನ ದಾರಿಯಲ್ಲಿ ಚರ್ಮದ ತೀರಾ ತಳದ ಪದರಕ್ಕೆ ಇಳಿಯುತ್ತದೆ, ಅಲ್ಲಿನ ಜೀವಕೋಶಗಳು ಬೆಳೆಯುವುದನ್ನು ನಿಲ್ಲಿಸಬೇಕಾದ ಹೊತ್ತಿನಲ್ಲಿ ನಿಲ್ಲಿಸದಂತೆ ಮಾಡುತ್ತದೆ. ಬೆಳೆಯುವುದೆಲ್ಲ ರೋಗಿಯ ಲೆಕ್ಕದಲ್ಲೇ. ಹಾಗಾದರೆ ನನ್ನ ಖಳನಾಯಕ ಉಬ್ಬುವುದು ಹೇಗೆ? ಕೊಂಬು ಬೆಳೆದಷ್ಟೂ ಅವನು ಸೊರಗಬೇಕು. ಆ ಎರಡು ದಿನದ ಪುಟವನ್ನು ಎತ್ತಿಟ್ಟೆ.

ಇಷ್ಟೆಲ್ಲ ತಲೆನೋವು ಯಾಕೆ, ಒಂದು ಶಾಪ ಕೊಡಿಸಿಬಿಡಬಹುದಿತ್ತಲ್ಲ ಎಂದು ಕೇಳಿದವರಿದ್ದಾರೆ. ಕಾಮಿಕ್ಸ್‌ನಲ್ಲಿ ಶಾಪದ ಜಾಗಕ್ಕೆ ಪ್ರಯೋಗಾಲಯ ಬಂದದ್ದಕ್ಕೆ ಒಂದು ಹಿನ್ನೆಲೆಯಿದೆ. ಅಮೆರಿಕದ ಪ್ರಕಾಶಕರು 1954ರಲ್ಲಿ ತಮಗೆ ತಾವೇ ಹಾಕಿಕೊಂಡ ಕಾಮಿಕ್ಸ್ ಕೋಡ್ ಎಂಬ ಕಟ್ಟುಪಾಡು, ರಕ್ತಪಿಶಾಚಿ, ತೋಳಮಾನವ, ಎದ್ದು ಓಡಾಡುವ ಹೆಣ ಎಲ್ಲವನ್ನೂ ಹೊರಗಿಟ್ಟಿತು. 1971ರಲ್ಲಿ ಅದು ಸಡಿಲವಾಯಿತು. ಸ್ಪೈಡರ್-ಮ್ಯಾನ್ ಕಥೆಗಳಲ್ಲಿ ಮೋರ್ಬಿಯಸ್ ಕಾಣಿಸಿಕೊಂಡದ್ದು ಅದೇ ವರ್ಷ. ಅವನು ರಕ್ತ ಹೀರುವವನಾದದ್ದು ದೆವ್ವ ಮೆಟ್ಟಿ ಅಲ್ಲ, ತನ್ನ ರಕ್ತದ ಕಾಯಿಲೆಗೆ ತಾನೇ ಮಾಡಿಕೊಂಡ ಚಿಕಿತ್ಸೆಯಿಂದ. ನನಗೆ ಹಿಡಿಸಿದ್ದು ಅದೇ. ಶಾಪವನ್ನು ಬೇರೆ ಯಾರೋ ಕೊಡಬೇಕು. ಪ್ರಯೋಗವಾದರೆ ಮನುಷ್ಯ ತನ್ನ ಕೈಯಾರೆ ಮಾಡಿಕೊಳ್ಳುತ್ತಾನೆ.

ರೂಪ ಸಿಕ್ಕಿದ್ದು ಮೊಲದಿಂದ. ಅಮೆರಿಕದ ಕಾಡುಮೊಲಗಳಲ್ಲಿ ಕೆಲವಕ್ಕೆ ಮುಖದ ಮೇಲೆ ಕಪ್ಪು ಕೊಂಬಿನಂಥವು ಎದ್ದಿರುತ್ತವೆ. ರಿಚರ್ಡ್ ಶೋಪ್ ಎಂಬ ವಿಜ್ಞಾನಿ ಅವನ್ನು ಅರೆದು, ಬ್ಯಾಕ್ಟೀರಿಯಾ ದಾಟಲಾಗದ ಫಿಲ್ಟರಿನಲ್ಲಿ ಸೋಸಿ, ಗೀರು ಹಾಕಿದ ಚರ್ಮಕ್ಕೆ ಸವರಿದರೆ ಆರೋಗ್ಯವಂತ ಮೊಲಕ್ಕೂ ಅದೇ ಬರುತ್ತದೆ ಎಂದು 1933ರಲ್ಲಿ ತೋರಿಸಿದ. ಕೊಂಬಿರುವ ಮೊಲ ಎಂದರೆ ನಮಗೆ ಇಲ್ಲದ್ದಕ್ಕೆ ಇಟ್ಟ ಹೆಸರು, ಶಶವಿಷಾಣ. ಇಲ್ಲಿ ನೋಡಿದರೆ ಅದು ನಿಜ, ಮತ್ತು ಘೋರ. ಬಾಯಿಯ ಸುತ್ತ ಬೆಳೆದರೆ ಮೊಲ ಮೇಯಲಾಗದೆ ಹಸಿದು ಸಾಯುತ್ತದೆ. ಆ ಬಾಯಿಯನ್ನು ನಾನು ತೆಗೆದುಕೊಂಡೆ. ಮೊಲದ ಈ ವೈರಸ್ ಮನುಷ್ಯರಿಗೆ ಅಂಟುವುದಿಲ್ಲ. ನನ್ನ ಕಥೆಯ ವಿಜ್ಞಾನಿ ಕೊರಡ ಅದನ್ನು ತಿದ್ದಿ ಅಂಟುವಂತೆ ಮಾಡುತ್ತಾನೆ. ಕಥೆಯಲ್ಲಿ ನಾನು ಹೇಳಿದ ಸುಳ್ಳು ಅದೊಂದೇ. ಎರಡನೆಯ ಸುಳ್ಳು ಬೇಕಾದಾಗಲೆಲ್ಲ ಕಥೆಯನ್ನೇ ಬದಲಾಯಿಸಿದೆ.

ಮನುಷ್ಯರಲ್ಲೂ ಇದಕ್ಕೆ ಹತ್ತಿರದ ಕಾಯಿಲೆಯೊಂದಿದೆ. ಹುಟ್ಟಿನಿಂದಲೇ ಕೆಲವು ಬಗೆಯ ಪ್ಯಾಪಿಲೋಮಾ ವೈರಸ್ಸನ್ನು ತಡೆಯುವ ಶಕ್ತಿ ಇಲ್ಲದವರಿಗೆ ಕೈಕಾಲುಗಳ ಮೇಲೆ ಮರದ ತೊಗಟೆಯಂತೆ ಬೆಳೆದುಬಿಡುವುದುಂಟು. ಆ ಫೋಟೋಗಳನ್ನು ಮುಂದಿಟ್ಟುಕೊಂಡು ಒಂದು ಸಂಜೆ ಸ್ಕೆಚ್ ಮಾಡಿದೆ. ಮರುದಿನ ನನಗೇ ಅಸಹ್ಯವಾಯಿತು, ಕಾಯಿಲೆಯ ಮೇಲಲ್ಲ, ನನ್ನ ಮೇಲೆ. ಕಾಯಿಲೆಯವರ ಕೈಯನ್ನು ತಂದು ದುಷ್ಟನಿಗೆ ಅಂಟಿಸುವುದೆಂದರೆ ಏನು? ಕೈ ಬಿಟ್ಟೆ, ಮುಖ ಇಟ್ಟುಕೊಂಡೆ. ಅವನ ದುಷ್ಟತನ ಕೊಂಬಿಗಿಂತ ಮೊದಲೇ ಕಾಣಬೇಕು ಎಂದೂ ತೀರ್ಮಾನಿಸಿದೆ. ಕೊಂಬು ಮೊದಲು ಬಂದು ಕೆಡುಕು ಆಮೇಲೆ ಬಂದರೆ ಓದುವವರು ತಪ್ಪನ್ನೆಲ್ಲ ಕೊಂಬಿನ ತಲೆಗೆ ಕಟ್ಟುತ್ತಾರೆ.

ಹಾಗಾಗಿ ರೂಪಾಂತರವನ್ನು ಆರು ಪ್ಯಾನೆಲ್‌ಗಳ, ಅಂದರೆ ಆರು ಚಿತ್ರಚೌಕಟ್ಟುಗಳ, ಒಂದು ಸಪ್ಪೆ ಪುಟದಿಂದ ಶುರುಮಾಡಿದೆ. ಮೊದಲ ಪ್ಯಾನೆಲ್‌ನಲ್ಲಿ ಬರೀ ಬೆರಳು. ಹೆಬ್ಬೆರಳಿನ ಬುಡದಲ್ಲಿ ಅಕ್ಕಿಕಾಳಿನಷ್ಟು ಗಂಟು. ಎರಡನೆಯದರಲ್ಲಿ ಅವನು ಉಗುರು ತಿಕ್ಕುವ ಅರದಿಂದ ಅದನ್ನು ತಿಕ್ಕುತ್ತಾನೆ. ಕೊಂಬು, ಉಗುರು, ಕೂದಲು ಎಲ್ಲವೂ ಕೆರಾಟಿನ್ನೇ, ಹಾಗಾಗಿ ಅರ ಅಲ್ಲಿ ಸಹಜವಾಗಿ ಕೂತಿತು. ಮೂರನೆಯದರಲ್ಲಿ ಮೇಜಿನ ಮೇಲೆ ಬಿಳಿ ಪುಡಿ. ನಾಲ್ಕನೆಯದರಲ್ಲಿ ಸಹಾಯಕಿ ಪಮ್ಮಿ ಒಳಗೆ ಬಂದು "ಏನ್ ಸರ್ ಇದು, ಸುಣ್ಣ ಉದುರಿದೆಯಾ?" ಎನ್ನುತ್ತ ಬರಿಗೈಯಲ್ಲಿ ಪುಡಿ ಬಾಚುತ್ತಾಳೆ. ಅವಳ ಅಂಗೈಯಲ್ಲಿ ಕಾಗದ ಕೊಯ್ದ ಗೀರು. ಈ ಜಾತಿಯ ವೈರಸ್ ಹೊರಗೆ ಬರುವುದೇ ಉದುರುವ ಚರ್ಮದ ಜೊತೆ, ಅದು ಅವನಿಗೆ ಗೊತ್ತು. ಐದನೆಯ ಪ್ಯಾನೆಲ್‌ನಲ್ಲಿ ಅವನು ಅವಳ ಕೈಯನ್ನು ನೋಡುತ್ತಾನೆ. ಆರನೆಯದರಲ್ಲೂ ಅದೇ ಮುಖ, ಅದೇ ಕೋನ. ಮಾತಿನ ಗುಳ್ಳೆ ಇಲ್ಲ. ಆ ಕೊನೆಯ ಎರಡು ಪ್ಯಾನೆಲ್‌ಗಳ ನಡುವೆಯೇ ಅವನು ರಾಕ್ಷಸನಾಗಿದ್ದು. ಮುಂದಿನದೆಲ್ಲ ಚರ್ಮದ ಕೆಲಸ.

ಆ ಚರ್ಮದ ಕೆಲಸಕ್ಕೆ ನನಗೆ ನಾಲ್ಕು ತಿಂಗಳು ಹಿಡಿಯಿತು. ಐದು ಹಂತದ ಮಾದರಿ ಹಾಳೆ ಮಾಡಿಕೊಂಡೆ. ಕೊನೆಯ ಹಂತದಲ್ಲಿ ಎಡ ದವಡೆಗೆ ಏಳು ಕೊಂಬು, ಬಲಕ್ಕೆ ನಾಲ್ಕು. ಲೆಕ್ಕ ಇಡದೆ ಬರೆದರೆ ಪುಟದಿಂದ ಪುಟಕ್ಕೆ ಕೊಂಬು ಮರಿ ಹಾಕುತ್ತವೆ. ಆಕೃತಿಯನ್ನು ಪೂರ್ತಿ ಕಪ್ಪು ಬಳಿದು ಹೆಬ್ಬೆರಳಿನಷ್ಟು ಚಿಕ್ಕದು ಮಾಡಿ ನೋಡುತ್ತಿದ್ದೆ. ಅಷ್ಟು ದೂರದಿಂದಲೂ ಅವನೇ ಎಂದು ಗೊತ್ತಾದರೆ ಸರಿ. ಎರಡೂ ಕಡೆ ಸಮ ಇದ್ದಾಗ ಅವನು ಕಿರೀಟ ಹಾಕಿಕೊಂಡ ರಾಜನಂತೆ ಕಾಣುತ್ತಿದ್ದ, ಏಳು-ನಾಲ್ಕು ಆದಮೇಲೆ ತಲೆ ಎಡಕ್ಕೆ ವಾಲಿತು, ನಡಿಗೆಯೂ ತಾನಾಗಿ ಬದಲಾಯಿತು. ಶಾಯಿಯನ್ನು ಯಾವಾಗಲೂ ಬುಡದಿಂದ ತುದಿಗೆ ಎಳೆಯಬೇಕು. ತುದಿಯಿಂದ ಬುಡಕ್ಕೆ ಎಳೆದರೆ ಕೊಂಬು ಬೆಳೆದಂತಿರುವುದಿಲ್ಲ, ಚುಚ್ಚಿಟ್ಟಂತಿರುತ್ತದೆ. ಬಣ್ಣದ ವಿಚಾರ ಹೇಳುವಷ್ಟಿಲ್ಲ, ಹಸಿರು ಬಳಿಯಲಿಲ್ಲ ಅಷ್ಟೆ.

ಪೂರ್ತಿ ಮುಖ ಮೊದಲ ಸಲ ಕಾಣುವುದು 14ನೇ ಪುಟದಲ್ಲಿ. ಸರಿಸಂಖ್ಯೆಯ ಪುಟ ಎಡಗಡೆ ಬರುತ್ತದೆ, ಅಂದರೆ ಹಾಳೆ ಮಗುಚಿದ ಮೇಲೆಯೇ ಕಣ್ಣಿಗೆ ಬೀಳುತ್ತದೆ. ಅದಕ್ಕಾಗಿಯೇ ಹಿಂದಿನ ಪುಟಗಳನ್ನೆಲ್ಲ ಎಳೆದು ಅಳೆದು ಹೊಂದಿಸಿದ್ದೆ. ಪ್ರಕಾಶಕರು ನನಗೆ ತಿಳಿಸದೆ ಮುಂದೆ ಒಂದು ಜಾಹೀರಾತಿನ ಪುಟ ಸೇರಿಸಿದರು. 14 ಹೋಗಿ 15 ಆಯಿತು, ಮುಖ ಬಲಕ್ಕೆ ಬಂತು. ಎಡಪುಟದಲ್ಲಿ ಪಮ್ಮಿ ಬಾಗಿಲ ಚಿಲಕಕ್ಕೆ ಕೈ ಹಾಕುವ ಹೊತ್ತಿಗೆ ಓದುವವರು ಒಳಗಿರುವುದನ್ನು ನೋಡಿ ಮುಗಿಸಿರುತ್ತಿದ್ದರು. ಅಚ್ಚಾಗಿ ಬಂದ ಪ್ರತಿ ನೋಡಿ ಅವತ್ತು ಊಟ ಸೇರಲಿಲ್ಲ. ಮುಂದಿನ ಸಂಚಿಕೆಯಿಂದ ಯಾವ ಪುಟ ಎಡಕ್ಕೇ ಬರಬೇಕು ಎಂದು ಮೂಲ ಹಾಳೆಯ ಅಂಚಿನಲ್ಲೇ ಕೆಂಪಿನಲ್ಲಿ ಬರೆದು ಕೊಡುತ್ತಿದ್ದೇನೆ.

ಇನ್ನು ಅವನ ಮಾತು. ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಕೊನೆಯ ಸಂಚಿಕೆಯ ಸಂಭಾಷಣೆ ಬರೆದು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದೆ, ಮುಂದೆ ಐದನೇ ಹಂತದ ಮುಖದ ಚಿತ್ರ ಇತ್ತು. ತುಟಿಯ ಎರಡೂ ಬದಿಗೆ ಕೊಂಬು. ಈ ಬಾಯಿ ಮುಚ್ಚುವುದೇ ಇಲ್ಲವಲ್ಲ! ತುಟಿ ಕೂಡದೆ ಪ, ಫ, ಬ, ಭ, ಮ ಹೊರಡುವುದು ಹೇಗೆ? ಹಳೆಯ ಕವಿಗಳು ಇದನ್ನು ಆಟವಾಗಿ ಆಡಿದ್ದಾರೆ, ನಿರೋಷ್ಠ್ಯ ಎನ್ನುತ್ತಾರೆ. ಸಂಸ್ಕೃತ ಕವಿ ದಂಡಿಯ ದಶಕುಮಾರಚರಿತದಲ್ಲಿ ಮಂತ್ರಗುಪ್ತ ತನ್ನ ಕಥೆಯನ್ನೆಲ್ಲ ತುಟಿಯ ಅಕ್ಷರಗಳಿಲ್ಲದೆ ಹೇಳುತ್ತಾನೆ, ಪ್ರೇಯಸಿ ಕಚ್ಚಿದ ತುಟಿ ನೋಯುತ್ತಿರುತ್ತದೆ ಎಂಬ ಕಾರಣಕ್ಕೆ. ಅಲ್ಲಿ ಶೃಂಗಾರ, ನನ್ನಲ್ಲಿ ಕೊಂಬು.

ಕೂತು ಎಲ್ಲ ಮಾತನ್ನೂ ತಿದ್ದಿದೆ. ಉಕಾರ, ವಕಾರಗಳಿಗೆ ವಿನಾಯಿತಿ ಕೊಟ್ಟೆ, ಅವನ್ನೂ ಬಿಟ್ಟರೆ ಕನ್ನಡದಲ್ಲಿ ವಾಕ್ಯವೇ ಮುಗಿಯುವುದಿಲ್ಲ. "ನನ್ನನ್ನು ಮುಟ್ಟಬೇಡ" ಹೋಗಿ "ಆಚೆ ಸರಿ" ಆಯಿತು. "ನೀರು ಬೇಕು" ಹೋಗಿ "ನೀರು ತಾ" ಆಯಿತು. ಅವನು ಬೇಡುವಂತಿಲ್ಲ, ಬರೀ ಅಪ್ಪಣೆ ಕೊಡಬಲ್ಲ. ನಾಲ್ಕು ತಿಂಗಳ ಕೊಂಬಿನ ಕೆಲಸ ಹುಟ್ಟಿಸದ ಹೆದರಿಕೆಯನ್ನು ಈ ಎರಡೆರಡು ಪದಗಳು ಹುಟ್ಟಿಸಿದವು.

ಕೊನೆಯ ಪುಟದಲ್ಲಿ ಅವನು ಅವಳ ಎದುರು ಕೂತಿದ್ದಾನೆ. ಅವಳ ಮಣಿಕಟ್ಟಿನಲ್ಲೂ ಗಂಟು ಎದ್ದಿದೆ. ಇಲ್ಲಿ ಅವನು ತಪ್ಪೊಪ್ಪಿಕೊಳ್ಳಬೇಕು ಎಂದು ಮೊದಲಿಂದಲೂ ಯೋಜನೆಯಲ್ಲಿತ್ತು. ಬರೆಯಲು ಹೊರಟೆ. "ಕ್ಷಮಿಸು" ಆಗದು, ಮಿ ಇದೆ. "ಮನ್ನಿಸು" ಅನ್ನೋಣವೆಂದರೆ ಮೊದಲ ಅಕ್ಷರವೇ ಅಡ್ಡ. "ತಪ್ಪಾಯ್ತು"? ಪ್ಪಾ. "ಸಾರಿ" ಎಂದು ಅನ್ನಿಸಬಹುದಿತ್ತು, ಆದರೆ ಅದು ಬಸ್ಸಿನಲ್ಲಿ ಕಾಲು ತುಳಿದವನ ಮಾತು. ಹೋಗಲಿ, ಹೆಸರು ಹಿಡಿದು ಕರೆಯಲಿ ಎಂದುಕೊಂಡೆ. ಪಮ್ಮಿ. ಮೊದಲ ಸಂಚಿಕೆಯಲ್ಲಿ ಏನೂ ಯೋಚಿಸದೆ ಇಟ್ಟ ಹೆಸರು, ಅದರಲ್ಲಿರುವ ವ್ಯಂಜನವೆಲ್ಲ ತುಟಿಯದೇ. "ಅ... ಇ" ಎಂದು ಬರೆದು ನೋಡಿದೆ, ನಗು ಬರುವಂತಿತ್ತು, ಅಳಿಸಿದೆ. ಗುಳ್ಳೆಯನ್ನು ಮಾತ್ರ ಉಳಿಸಿದೆ, ಅದರ ಬಾಲ ಅವನ ಬಾಯಿಯ ಕಡೆಗೆ.

ಅಚ್ಚಿಗೆ ಕಳಿಸಿದ ಮರುದಿನ ಬೆಳಿಗ್ಗೆ ಫೋನ್ ಬಂತು. "ಸರ್, ಕೊನೇ ಪುಟದಲ್ಲಿ ಅಕ್ಷರ ಹಾಕೋದು ಮರೆತಿದ್ದೀರಿ."

ಮರೆತಿಲ್ಲ, ಹಾಗೇ ಇರಲಿ ಅಂದೆ.